ಸಕ್ಕರೆಯ ಆಶೆಯೂ ಮಿತವಾದ ಉಪವಾಸವೂ

ನಮ್ಮ ಶಾಲೆಯನ್ನು ಬಿಟ್ಟುಹೋಗಿ ಸ್ವಂತ ಮನೆವಾರ್ತೆಯನ್ನು ನಡೆಸುತ್ತಿರುವ ಹಳೆಯ ವಿದ್ಯಾರ್ಥಿನಿಯರಿಗೂ, ಈಗ ತಮ್ಮ ಹೆಣ್ಣುಮಕ್ಕಳನ್ನು ಇಲ್ಲಿಗೆ ಕಳುಹಿಸುತ್ತಿರುವ ತಾಯಿತಂದೆಗಳಿಗೂ ಸಮಾನವಾಗಿ ಪ್ರಯೋಜನವಾಗಬಹುದಾದ ಗೃಹಶಾಸ್ತ್ರದ ಒಂದು ಪಾಠವನ್ನು ಈ ಸಂಚಿಕೆಗಾಗಿ ಆರಿಸಿಕೊಂಡಿದ್ದೇನೆ. ಸಿಹಿತಿನಿಸಿನ ಮೇಲಣ ಆಶೆಯನ್ನು ಹತೋಟಿಗೆ ತರುವುದು ಹೇಗೆ, ಸ್ವಲ್ಪ ಹೊತ್ತಿನ ಉಪವಾಸವು ಅದಕ್ಕೆ ಸಹಾಯ ಮಾಡುವುದೇ ಇಲ್ಲವೇ ಎಂಬುದೇ ಇದರ ವಿಷಯವು. ಇದು ಅಲ್ಪವಾದ ಸಂಗತಿಯೆಂದು ಕೆಲವರಿಗೆ ತೋರಬಹುದು. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹವುಳ್ಳವರ ಸಂಖ್ಯೆಯು 10 ಕೋಟಿಯನ್ನು ದಾಟಿದೆ. ಆ ರೋಗದ ಹೊಸ್ತಿಲಲ್ಲಿ ನಿಂತಿರುವವರು ಇನ್ನೂ 13 ಕೋಟಿಗೆ ಮಿಕ್ಕಿದ್ದಾರೆ. ಸಕ್ಕರೆಯೊಂದೇ ಈ ರೋಗಕ್ಕೆ ಕಾರಣವೆಂದು ಹೇಳುವುದು ಸರಿಯಲ್ಲ. ವಂಶಗುಣ, ಮೈಭಾರ, ಕೈಕಾಲುಗಳಿಗೆ ಕೆಲಸವಿಲ್ಲದಿರುವುದು ಇವೆಲ್ಲವೂ ಅದರಲ್ಲಿ ಸೇರಿವೆ. ಆದರೂ ಇವುಗಳೊಳಗೆ ಅಡಿಗೆಮನೆಯ ಒಡತಿಯ ಕೈಗೆ ನೇರವಾಗಿ ಸಿಕ್ಕುವಂಥದು ಸಕ್ಕರೆಯ ಡಬ್ಬಿಯೇ.

ಮೊದಲು ಲೆಕ್ಕವನ್ನು ನೋಡೋಣ. ನಾವು ಆಹಾರಕ್ಕೆ ಬೆರಸುವ ಸಕ್ಕರೆ, ಬೆಲ್ಲ, ಜೇನು, ಹಣ್ಣಿನ ರಸದ ಸಿಹಿ ಇವೆಲ್ಲವೂ ಸೇರಿ ದಿನದ ಆಹಾರಶಕ್ತಿಯ ಹತ್ತರಲ್ಲೊಂದು ಪಾಲನ್ನು ಮೀರಬಾರದೆಂದೂ, ಇಪ್ಪತ್ತರಲ್ಲೊಂದು ಪಾಲಿಗೆ ಇಳಿಸಿದರೆ ಇನ್ನೂ ಲೇಸೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸಲಹೆಯಿತ್ತಿತು. ದಿನಕ್ಕೆ 2000 ಕ್ಯಾಲರಿಗಳಷ್ಟು ಉಣ್ಣುವವಳಿಗೆ ಮೊದಲನೆಯ ಮಿತಿಯು 50 ಗ್ರಾಂ, ಎರಡನೆಯದು 25 ಗ್ರಾಂ ಆಗುವುದು. ಇಪ್ಪತ್ತೈದು ಗ್ರಾಂ ಎಂದರೆ ಸಮಮಟ್ಟದ ಆರು ಟೀ ಚಮಚಗಳು. ನಮ್ಮ ಅಜ್ಜಿಯಂದಿರ ಲೆಕ್ಕದಲ್ಲಿ ಎರಡು ತೊಲಕ್ಕೆ ತುಸು ಹೆಚ್ಚು. ಈಗ ಮನೆಯೊಂದರಲ್ಲಿ ಗೃಹಿಣಿಯು ದಿನಕ್ಕೆ ನಾಲ್ಕು ಸಾರಿ ಕಾಫಿಯನ್ನೋ ಚಹವನ್ನೋ ಕುಡಿದು, ಒಂದೊಂದಕ್ಕೂ ಎರಡು ಚಮಚ ಸಕ್ಕರೆ ಹಾಕಿಕೊಂಡಳೆಂದರೆ, ಒಂದು ತುಂಡು ಮಿಠಾಯಿಯನ್ನೂ ಮುಟ್ಟದೆ ಎಂಟು ಚಮಚಗಳಾದವು. ಅಂಗಡಿಯಲ್ಲಿ ಮಾರುವ 300 ಮಿಲಿಲೀಟರಿನ ಬಣ್ಣದ ಪಾನೀಯದ ಒಂದು ಶೀಸೆಯಲ್ಲಿ ಸುಮಾರು 30 ಗ್ರಾಂ ಸಕ್ಕರೆಯಿರುತ್ತದೆ. ಎಂದರೆ ಬಾಯಾರಿಕೆಗೆಂದು ಕುಡಿದ ಒಂದೇ ಶೀಸೆಯಿಂದ ದಿನದ ಪಾಲೆಲ್ಲವೂ ತೀರಿತು.

ಇಷ್ಟು ಸುಲಭವಾಗಿ ಸಕ್ಕರೆಯು ಕೈಗೆ ಸಿಕ್ಕುವುದು ಬಹಳ ಹಳೆಯ ಸಂಗತಿಯೇನೂ ಅಲ್ಲ. ಕಬ್ಬಿನ ರಸವನ್ನು ಕಾಸಿ ಹರಳುಗಟ್ಟಿಸುವ ವಿದ್ಯೆಯು ನಮ್ಮ ಭರತಖಂಡದ್ದೇ. ಸಂಸ್ಕೃತದ ಶರ್ಕರಾ ಎಂಬ ಮಾತೇ ಪಾರಸಿ ಅರಬ್ಬಿಗಳ ಮೂಲಕ ಯೂರೋಪಿನ ಭಾಷೆಗಳನ್ನು ಹೊಕ್ಕಿತು. ಹಾಗಿದ್ದರೂ ಬಿಳಿ ಸಕ್ಕರೆಯು ಹಿಂದೆ ನಮ್ಮ ಹಳ್ಳಿಗಳಲ್ಲಿ ಹಬ್ಬ, ಮದುವೆ, ನಂಟರ ಆಗಮನಗಳಿಗೆ ಮೀಸಲಾದ ಪದಾರ್ಥವಾಗಿದ್ದಿತು. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿಯು 1933ರಲ್ಲಿ ಸ್ಥಾಪಿತವಾಯಿತು. ಅಂಥ ಕಾರ್ಖಾನೆಗಳಿಂದ ರೈತರಿಗೆ ಉಪಕಾರವಾದುದು ನಿಜ. ಅದರೊಡನೆ ಹಬ್ಬದ ಪದಾರ್ಥವು ನಿತ್ಯದ ಪದಾರ್ಥವಾದುದೂ ನಿಜ. ದೇಹದ ರಚನೆಯಾದರೋ ಅಂದಿನದೇ ಉಳಿದಿದೆ.

ದೇಹದೊಳಗೆ ನಡೆಯುವ ಕೆಲಸವನ್ನು ಸ್ಥೂಲವಾಗಿ ತಿಳಿದುಕೊಳ್ಳುವುದು ಅವಶ್ಯ. ಪೂರ್ಣಾರೋಗ್ಯವುಳ್ಳ ಪ್ರಾಯದ ಸ್ತ್ರೀಯ ರಕ್ತದಲ್ಲಿ, ಬರಿಹೊಟ್ಟೆಯಲ್ಲಿರುವಾಗ, ಒಟ್ಟಿಗೆ ಸುಮಾರು ಒಂದು ಟೀ ಚಮಚದಷ್ಟು ಗ್ಲೂಕೋಸು ಮಾತ್ರ ಇರುತ್ತದೆ. ಈ ಮಾತನ್ನು ಕೇಳಿದ ವಿದ್ಯಾರ್ಥಿನಿಯರು ಪ್ರತಿ ವರ್ಷವೂ ಆಶ್ಚರ್ಯಪಡುತ್ತಾರೆ. ಎಂಟು ಚಮಚ ಸಿಹಿಯುಳ್ಳ ಪಾನೀಯವನ್ನು ಒಂದೇ ಗುಟುಕಿಗೆಂಬಂತೆ ಕುಡಿದಾಗ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ಅವಸರದಿಂದ ಸುರಿಸಿ, ಹೆಚ್ಚಾದ ಗ್ಲೂಕೋಸನ್ನು ಯಕೃತ್ತಿಗೂ ಮಾಂಸಖಂಡಗಳಿಗೂ ಕೊಬ್ಬಿನ ಉಗ್ರಾಣಗಳಿಗೂ ಸಾಗಿಸಬೇಕಾಗುವುದು. ಕೆಲವರಲ್ಲಿ ಈ ಅವಸರದ ಸಾಗಣೆಯ ತರುವಾಯ ರಕ್ತದ ಸಕ್ಕರೆಯು ಬೇಗನೆ ಇಳಿದು, ಎರಡು ಮೂರು ಗಂಟೆಗಳೊಳಗೆ ಪುನಃ ಹಸಿವೂ ಸಿಹಿಯ ಬಯಕೆಯೂ ತಲೆದೋರುತ್ತವೆ. ಅದೇ ಪ್ರಮಾಣದ ಪಿಷ್ಟವು ಬೇಳೆ, ಸೊಪ್ಪು, ನಾರುಗಳೊಡನೆ ಒಳಗೆ ಹೋದರೆ ಏರಿಕೆಯೂ ನಿಧಾನ, ಇಳಿತವೂ ನಿಧಾನ.

ಆದರೆ ಎಲ್ಲಾ ಬಯಕೆಯೂ ರಕ್ತದಿಂದಲೇ ಹುಟ್ಟುವುದೆಂದು ತಿಳಿಯಬಾರದು. ಹೊಟ್ಟೆತುಂಬ ಊಟವಾಗಿ ಕೈತೊಳೆದ ಕೂಡಲೇ ಬಾಯಿಗೆ ಸಿಹಿ ಬೇಕೆನಿಸುವವಳಿಗೆ ರಕ್ತದಲ್ಲಿ ಸಕ್ಕರೆ ಕಡಿಮೆಯಾಗಿರುವುದಿಲ್ಲ. ಅದು ಗಳಿಗೆಯ ಅಭ್ಯಾಸ. ನಾಲ್ಕು ಗಂಟೆ ಹೊಡೆಯಿತು, ಬಿಸ್ಕತ್ತಿನ ಡಬ್ಬಿ ತೆರೆಯಿತು. ಮಕ್ಕಳು ಮಲಗಿದರು, ಮನಸ್ಸು ಬೇಸತ್ತಿತು, ಚಾಕಲೇಟಿನ ಕಡೆಗೆ ಕೈ ನೀಡಿತು. ಗಡಿಯಾರ, ಬೇಸರ, ನಿದ್ರೆಗೇಡು ಈ ಮೂರೂ ಸಿಹಿಯ ದಲ್ಲಾಳಿಗಳು. ರಾತ್ರಿ ನಿದ್ರೆ ಸಾಲದಿದ್ದರೆ ಮರುದಿನ ಸಿಹಿತಿಂಡಿಯ ಮೇಲಣ ಆಶೆಯು ಹೆಚ್ಚುವುದನ್ನು ಸಂಶೋಧಕರು ಅಳೆದು ತೋರಿಸಿದ್ದಾರೆ. ಹಸುಗೂಸಿನ ತಾಯಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಿಹಿಯ ಆಶೆಯನ್ನು ಮದ್ಯದ ಚಟಕ್ಕೆ ಸಮವೆಂದು ಬರೆಯುವವರು ಈಗ ಹಲವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಆ ಹೋಲಿಕೆಯು ಅತಿಯಾದುದು. ತನ್ನನ್ನು ರೋಗಿಯೆಂದು ಎಣಿಸಿಕೊಂಡವಳಿಗಿಂತ ತನಗೊಂದು ಅಭ್ಯಾಸವು ಹತ್ತಿದೆಯೆಂದು ತಿಳಿದುಕೊಂಡವಳು ಬೇಗ ಬಿಡುಗಡೆ ಹೊಂದುವಳು.

ಇನ್ನು ಉಪವಾಸದ ವಿಚಾರ. ಕಡೆಯ ಊಟವಾಗಿ ಕೆಲವು ಗಂಟೆಗಳು ಕಳೆದ ಮೇಲೆ ದೇಹವು ಯಕೃತ್ತಿನಲ್ಲಿ ಕೂಡಿಟ್ಟಿರುವ ಗ್ಲೈಕೋಜೆನ್ ಎಂಬ ಪಿಷ್ಟವನ್ನು ಕರಗಿಸಿ ಬಳಸತೊಡಗುವುದು. ಅದು ಸುಮಾರು 100 ಗ್ರಾಮಿನಷ್ಟಿದ್ದು ರಾತ್ರಿಯ ಖರ್ಚಿಗೆ ಸಾಕಾಗುತ್ತದೆ. ಹನ್ನೆರಡು ಗಂಟೆಗಳು ಸಮೀಪಿಸಿದಂತೆ ಕೊಬ್ಬಿನ ಬಳಕೆಯು ಕ್ರಮೇಣ ಹೆಚ್ಚುವುದು. ಸಾಲದ್ದಕ್ಕೆ ಯಕೃತ್ತು ತಾನೇ ಹೊಸ ಗ್ಲೂಕೋಸನ್ನು ತಯಾರಿಸಬಲ್ಲದು. ಆದಕಾರಣ ಸಕ್ಕರೆ ತಿನ್ನದಿದ್ದರೆ ಮಿದುಳು ಕೆಲಸ ಮಾಡದು, ಪರೀಕ್ಷೆಯ ಕಾಲದಲ್ಲಿ ಮಕ್ಕಳಿಗೆ ಗ್ಲೂಕೋಸಿನ ಪುಡಿಯನ್ನು ಕಲಸಿ ಕೊಡಲೇಬೇಕು ಎಂಬ ನಂಬಿಕೆಗೆ ಆಧಾರವಿಲ್ಲ. ಎರಡು ಇಡ್ಲಿಯೂ ಒಂದು ಬಟ್ಟಲು ಸಾಂಬಾರೂ ಆ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಮಾಡುತ್ತವೆ.

ಉಪವಾಸಗಳು ನಮ್ಮ ನಾಡಿಗೆ ಹೊಸತಲ್ಲ. ಕ್ರೈಸ್ತರಿಗೆ ಈಸ್ಟರಿನ ಮುಂಚಿನ ನಾಲ್ವತ್ತು ದಿನಗಳು, ಹಿಂದುಗಳಿಗೆ ಏಕಾದಶಿ, ಮುಸಲ್ಮಾನರಿಗೆ ರಂಜಾನ್, ಜೈನರಿಗೆ ಪರ್ಯುಷಣ ಹೀಗೆ ಎಲ್ಲರಿಗೂ ಉಂಟು. ಅವುಗಳ ಧರ್ಮಾರ್ಥವು ಬೇರೆ. ಅದು ಈ ಪಾಠಕ್ಕೆ ಸೇರಿದ್ದಲ್ಲ. ಆರೋಗ್ಯದ ದೃಷ್ಟಿಯಿಂದ ನೋಡುವವರಿಗೆ ಮಾತ್ರ ಒಂದು ತಮಾಷೆ ಕಂಡುಬರುವುದು. ಊಟವನ್ನು ಬಿಟ್ಟೆವೆಂದು ಹೇಳಿ ಸಬ್ಬಕ್ಕಿಯ ಪಾಯಸ, ಬೆಲ್ಲ ತೆಂಗಿನಕಾಯಿ ಕಲಸಿದ ಅವಲಕ್ಕಿ, ಬಾಳೆಹಣ್ಣು, ಸಕ್ಕರೆ ತುಂಬಿದ ಹಾಲು ಇವುಗಳನ್ನು ಫಲಾಹಾರವೆಂದು ಮೂರು ಹೊತ್ತು ಸೇವಿಸುವ ಮನೆಗಳು ಉಂಟು. ಮಾಂಸವನ್ನು ಬಿಟ್ಟು ಸಿಹಿಚಹದ ಲೋಟಗಳನ್ನು ಇಮ್ಮಡಿಸುವ ಮನೆಗಳೂ ಉಂಟು. ಅಂಥ ದಿನದಲ್ಲಿ ಬೇಳೆ ತರಕಾರಿಗಳಿಗೆ ಉಪವಾಸವಾಯಿತೇ ಹೊರತು ಸಕ್ಕರೆಗೆ ಔತಣವೇ ಆಯಿತು.

ಸಿಹಿಯ ಆಶೆಯನ್ನು ತಗ್ಗಿಸಲು ನಾನು ಹೇಳುವ ಉಪವಾಸವು ಇದಕ್ಕಿಂತ ಸರಳವಾದುದು. ರಾತ್ರಿಯ ಊಟವನ್ನು ಏಳೂವರೆ ಗಂಟೆಗೆ ಮುಗಿಸಿ, ಮರುದಿನ ಬೆಳಿಗ್ಗೆ ಏಳೂವರೆ ಗಂಟೆಯ ತನಕ ನೀರಿನ ಹೊರತು ಏನನ್ನೂ ಬಾಯಿಗೆ ಹಾಕದಿರುವುದು. ಇದರಲ್ಲಿ ಎಂಟು ಗಂಟೆಗಳು ನಿದ್ರೆಯಲ್ಲೇ ಕಳೆಯುವುವು. ದೀಪ ಹಚ್ಚಿದ ಸ್ವಲ್ಪ ಹೊತ್ತಿನಲ್ಲಿ ಉಂಡು ಮಲಗುತ್ತಿದ್ದ ಹಿಂದಿನವರಿಗೆ ಇದು ಉಪವಾಸವೆಂದೇ ತೋರುತ್ತಿರಲಿಲ್ಲ. ಹೀಗೆ ಎರಡು ವಾರ ನಡೆಸಿ ಒಗ್ಗಿದ ತರುವಾಯ, ಆರೋಗ್ಯವಂತರಾದ ಪ್ರಾಯದವರು ಬೇಕಿದ್ದರೆ ವಾರಕ್ಕೆ ಒಂದೆರಡು ದಿನ ಅದನ್ನು ಹದಿನಾಲ್ಕು ಗಂಟೆಗಳಿಗೆ ಬೆಳೆಸಬಹುದು. ಅದಕ್ಕಿಂತ ಹೆಚ್ಚಿನದು ಈ ಉದ್ದೇಶಕ್ಕೆ ಬೇಕಾಗಿಲ್ಲ.

ಇದರಿಂದ ಮೈಭಾರವು ಕರಗಿಹೋಗುವುದೆಂದು ಮಾತ್ರ ಯಾರೂ ಭಾವಿಸಬಾರದು. ಚೀನಾ ದೇಶದ ಗ್ವಾಂಗ್‌ಝೌ ನಗರದಲ್ಲಿ ಸ್ಥೂಲಕಾಯರಾದ 139 ಮಂದಿಯನ್ನು ಎರಡು ಗುಂಪುಗಳಾಗಿ ವಿಂಗಡಿಸಿ ಒಂದು ವರ್ಷದವರೆಗೆ ಪರೀಕ್ಷಿಸಿ, ಅದರ ಫಲವನ್ನು 2022ರಲ್ಲಿ ಪ್ರಕಟಿಸಿದರು. ಎರಡು ಗುಂಪಿನವರಿಗೂ ಆಹಾರದ ಪ್ರಮಾಣವನ್ನು ಒಂದೇ ರೀತಿಯಾಗಿ ಕಡಿಮೆ ಮಾಡಿದ್ದರು. ಒಂದು ಗುಂಪಿನವರು ಮಾತ್ರ ಬೆಳಿಗ್ಗೆ 8 ಗಂಟೆಯಿಂದ ಸಂಜೆ 4 ಗಂಟೆಯೊಳಗೆ ಉಣ್ಣಬೇಕೆಂಬ ನಿಯಮವಿತ್ತು. ವರ್ಷದ ಕೊನೆಯಲ್ಲಿ ತೂಕವು ಎರಡರಲ್ಲಿಯೂ ಇಳಿದಿತ್ತು, ಗುಂಪುಗಳ ನಡುವೆ ಗಣನೆಗೆ ಬರುವಂಥ ವ್ಯತ್ಯಾಸವೇನೂ ಇರಲಿಲ್ಲ. ಅಂದಮೇಲೆ ಗಡಿಯಾರಕ್ಕೆ ತನ್ನದೇ ಆದ ಮಾಂತ್ರಿಕ ಶಕ್ತಿಯಿಲ್ಲ.

ಹಾಗಾದರೆ ಉಪವಾಸದಿಂದ ಬರುವ ಲಾಭವೇನು? ಒಂದನೆಯದು, ರಾತ್ರಿಯ ಊಟದ ತರುವಾಯದ ತಿಂಡಿಯ ಬಾಗಿಲು ಮುಚ್ಚುವುದು. ಬಹುಮಂದಿಯ ಸಿಹಿಯೆಲ್ಲವೂ ಒಳಗೆ ಬರುವುದು ಆ ಬಾಗಿಲಿನಿಂದಲೇ. ಎರಡನೆಯದು ಇದಕ್ಕಿಂತ ಮುಖ್ಯ. ಬಯಕೆಯು ಸಮುದ್ರದ ಅಲೆಯಂತೆ ಏರಿ, ನಿಂತು, ತಾನಾಗಿಯೇ ಇಳಿಯುವುದೆಂಬುದನ್ನು ಉಪವಾಸದಲ್ಲಿರುವವಳು ಸ್ವಾನುಭವದಿಂದ ಕಾಣುವಳು. ಬೇಕೆನಿಸಿದ ತಕ್ಷಣ ತಿಂದುಬಿಡುವವಳಿಗೆ ಅಲೆಯ ಇಳಿತವನ್ನು ನೋಡುವ ಸಂದರ್ಭವೇ ದೊರೆಯುವುದಿಲ್ಲ. ತಿನ್ನದಿದ್ದರೆ ಅದು ಏರುತ್ತಲೇ ಹೋಗುವುದೆಂದು ಆಕೆ ಹೆದರುವಳು. ಅಲೆಯು ಏರಿದ ಹೊತ್ತಿನಲ್ಲಿ ಒಂದು ಲೋಟ ನೀರು ಕುಡಿದು ಅಂಗಳದಲ್ಲಿ ಚುರುಕಾಗಿ ಅಡ್ಡಾಡಿದರೆ ಇನ್ನೂ ಅನುಕೂಲ. ಹದಿನೈದು ನಿಮಿಷಗಳ ಬಿರುಸಾದ ನಡಿಗೆಯಿಂದ ಚಾಕಲೇಟಿನ ಬಯಕೆಯು ತಗ್ಗುವುದೆಂಬುದನ್ನು ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾನಿಲಯದವರು ಪರೀಕ್ಷಿಸಿ ಕಂಡುಕೊಂಡಿದ್ದಾರೆ.

ಉಪವಾಸವನ್ನು ಮುರಿಯುವ ಬಗೆಯಲ್ಲಿಯೂ ಎಚ್ಚರ ಬೇಕು. ಹನ್ನೆರಡು ಗಂಟೆಗಳ ಸಂಯಮವನ್ನು ಸಿಹಿಕಾಫಿಯಿಂದಲೂ ಬಿಸ್ಕತ್ತಿನಿಂದಲೂ ಮುಗಿಸಿದರೆ ಆ ದಿನವೆಲ್ಲಾ ಬಯಕೆಯೇ ಯಜಮಾನಿಯಾಗುವುದು. ರಾಗಿಯ ಅಂಬಲಿಯೊಡನೆ ಮಜ್ಜಿಗೆ, ಹೆಸರುಬೇಳೆಯ ಕೋಸಂಬರಿ, ಮೊಳಕೆಕಾಳಿನ ಉಸಲಿ, ಪೆಸರಟ್ಟು, ಬೇಯಿಸಿದ ಮೊಟ್ಟೆ ಇವುಗಳಲ್ಲಿ ಯಾವುದಾದರೂ ಆಗಬಹುದು. ಕರಾವಳಿಯ ಕಡೆಯವರಿಗೆ ಕುಚ್ಚಲಕ್ಕಿಯ ಗಂಜಿಯೂ ಹೆಸರುಕಾಳಿನ ಪಲ್ಯವೂ, ಧಾರವಾಡದ ಕಡೆಯವರಿಗೆ ಜೋಳದ ರೊಟ್ಟಿಯೂ ಕಾಳಿನ ಪಲ್ಯವೂ ಮನೆಯಲ್ಲಿಯೇ ಇವೆ.

ಈಗ ಈ ಪಾಠದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವ ಭಾಗಕ್ಕೆ ಬಂದಿದ್ದೇನೆ. ಉಪವಾಸವು ಎಲ್ಲರಿಗೂ ತಕ್ಕುದಲ್ಲ. ಇನ್ಸುಲಿನ್ ಚುಚ್ಚಿಸಿಕೊಳ್ಳುವವರೂ ಮಧುಮೇಹದ ಮಾತ್ರೆಗಳನ್ನು ಸೇವಿಸುವವರೂ ವೈದ್ಯರನ್ನು ಕೇಳದೆ ಒಂದು ಹೊತ್ತನ್ನೂ ಬಿಡಕೂಡದು. ಅಂಥವರಿಗೆ ಮೈ ನಡುಗಿ, ಬೆವರು ಸುರಿದು, ಕಣ್ಣು ಕತ್ತಲಿಟ್ಟರೆ ಅದು ರಕ್ತದ ಸಕ್ಕರೆಯು ಅಪಾಯಕರವಾಗಿ ಇಳಿದಿರುವ ಗುರುತು. ಆಗ ಸಂಯಮದ ಮಾತನ್ನು ಬದಿಗಿಟ್ಟು ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ತಕ್ಷಣವೇ ಕುಡಿಸತಕ್ಕದ್ದು. ಗರ್ಭಿಣಿಯರೂ ಮೊಲೆಯೂಡುವ ತಾಯಂದಿರೂ ಈ ಪ್ರಯೋಗವನ್ನು ಮಾಡಬಾರದು.

ಬೆಳೆಯುವ ಹುಡುಗಿಯರ ವಿಷಯದಲ್ಲಂತೂ ನನ್ನ ಮಾತು ಖಂಡಿತವಾದುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ವರದಿಯಂತೆ ಭಾರತದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರೊಳಗೆ ನೂರಕ್ಕೆ 59 ಮಂದಿ ರಕ್ತಹೀನತೆಯುಳ್ಳವರು. ಇಂಥ ಮಕ್ಕಳಿಗೆ ಊಟ ಬಿಡುವುದನ್ನು ಕಲಿಸುವುದು ಅನ್ಯಾಯ. ತಾಯಿಯು ತನ್ನ ಮೈಭಾರದ ಚಿಂತೆಯಿಂದ ಊಟ ಬಿಟ್ಟು, ಕನ್ನಡಿಯ ಮುಂದೆ ತನ್ನನ್ನು ತಾನೇ ಹಳಿದುಕೊಳ್ಳುತ್ತಿದ್ದರೆ, ಬಾಗಿಲ ಬಳಿ ನಿಂತ ಹದಿಮೂರು ವರ್ಷದ ಮಗಳು ಅದನ್ನು ಯಾವ ಪಾಠಕ್ಕಿಂತಲೂ ಬೇಗ ಕಲಿಯುವಳು. ಊಟವನ್ನೇ ಶತ್ರುವೆಂದು ಎಣಿಸುವ ಮನೋವ್ಯಾಧಿಯು ಹೆಚ್ಚಾಗಿ ಈ ವಯಸ್ಸಿನಲ್ಲಿಯೇ ಮೊಳೆಯುವುದು. ಮಗಳು ಬೆಳಗಿನ ಉಪಾಹಾರವನ್ನು ದಿನವೂ ತಪ್ಪಿಸುತ್ತಿದ್ದಾಳೆ, ತಟ್ಟೆಯನ್ನು ಮುಚ್ಚಿಡುತ್ತಾಳೆ, ಎಲ್ಲರೊಡನೆ ಉಣ್ಣಲು ನಾಚುತ್ತಾಳೆ ಎಂದು ಕಂಡುಬಂದರೆ ಅದನ್ನು ಹಟವೆಂದು ಗದರಿಸದೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಿರಿ. ಶಾಲೆಯ ಹುಡುಗಿಗೆ ಉಪವಾಸವಲ್ಲ, ಒಳ್ಳೆಯ ಊಟವೇ ಸಿಹಿಯ ಆಶೆಗೆ ಮದ್ದು.

ಆ ಒಳ್ಳೆಯ ಊಟವು ಯಾವುದೆಂದು ನೋಡೋಣ. ಅನ್ನದ ರಾಶಿಯ ಮೇಲೆ ತಿಳಿಸಾರು ಹುಯ್ದುಕೊಂಡು ಉಂಡವಳಿಗೆ ನಾಲ್ಕು ಗಂಟೆಗೆ ಸಿಹಿ ಬೇಕೆನಿಸಿದರೆ ಆಶ್ಚರ್ಯವಿಲ್ಲ. ತಟ್ಟೆಯ ಅರ್ಧವನ್ನು ಸೊಪ್ಪು ತರಕಾರಿಗಳು ತುಂಬಿ, ಉಳಿದರ್ಧದಲ್ಲಿ ಬೇಳೆ, ಕಾಳು, ಮೊಸರು, ಮೀನು ಅಥವಾ ಮೊಟ್ಟೆ ಇವುಗಳಿಗೆ ಸ್ಥಳ ದೊರೆತು, ಮಿಕ್ಕದ್ದರಲ್ಲಿ ಅನ್ನವೋ ಮುದ್ದೆಯೋ ಇರಲಿ. ಉಣ್ಣುವ ಕ್ರಮವೂ ಲೆಕ್ಕಕ್ಕೆ ಬರುತ್ತದೆ. ಅಮೇರಿಕದಲ್ಲಿ ಮಧುಮೇಹವುಳ್ಳ ಕೆಲವರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಒಂದು ಸಣ್ಣ ಪರೀಕ್ಷೆಯಲ್ಲಿ, ತರಕಾರಿಯನ್ನೂ ಮಾಂಸವನ್ನೂ ಮೊದಲು ತಿಂದು ರೊಟ್ಟಿಯನ್ನು ಕಡೆಗೆ ತಿಂದಾಗ, ಅದೇ ಊಟದಿಂದ ರಕ್ತದ ಸಕ್ಕರೆಯು ಏರುವುದು ಎಷ್ಟೋ ಕಡಿಮೆಯಾಯಿತು. ಎಲೆಯ ಮೇಲೆ ಕೋಸಂಬರಿ ಪಲ್ಯಗಳನ್ನು ಮೊದಲು ಬಡಿಸುವ ನಮ್ಮ ಪದ್ಧತಿಯು ಚೆನ್ನಾದುದೇ. ಅನ್ನ ಬರುವ ತನಕ ಅವನ್ನು ನೋಡುತ್ತಾ ಕುಳಿತಿರುವುದೇ ನಮ್ಮ ಕೊರತೆ.

ಕಾರ್ಖಾನೆಯ ಪೊಟ್ಟಣದ ತಿಂಡಿಗಳ ವಿಷಯದಲ್ಲಿ 2019ರ ಒಂದು ಪ್ರಯೋಗವು ತಿಳಿಯತಕ್ಕದ್ದು. ಅಮೇರಿಕದ ಬೆಥೆಸ್ಡಾದಲ್ಲಿ 20 ಮಂದಿಯನ್ನು ಆಸ್ಪತ್ರೆಯಲ್ಲಿಯೇ ಇರಿಸಿಕೊಂಡು ಎರಡು ವಾರ ಕಾರ್ಖಾನೆಯ ಆಹಾರವನ್ನೂ, ಎರಡು ವಾರ ಸಹಜವಾದ ಪದಾರ್ಥಗಳಿಂದ ಮಾಡಿದ ಅಡಿಗೆಯನ್ನೂ ಬಡಿಸಿದರು. ಬಡಿಸಿದ ಎರಡರಲ್ಲಿಯೂ ಸಕ್ಕರೆ, ಕೊಬ್ಬು, ನಾರುಗಳ ಪ್ರಮಾಣವು ಒಂದೇ ಆಗಿದ್ದಿತು. ಬೇಕಾದಷ್ಟು ತಿನ್ನಬಹುದೆಂದು ಹೇಳಿದ್ದರು. ಕಾರ್ಖಾನೆಯ ಆಹಾರವಿದ್ದಾಗ ಅವರು ದಿನಕ್ಕೆ ಸುಮಾರು 500 ಕ್ಯಾಲರಿಗಳಷ್ಟು ಹೆಚ್ಚಾಗಿ ತಿಂದರು. ಮಕ್ಕಳ ಹಾಲಿಗೆ ಬೆರಸುವ ಪುಡಿಗಳ ಡಬ್ಬಿಯ ಹಿಂಬದಿಯನ್ನೂ ಓದಿ ನೋಡಿರಿ. ಇಂಥ ಪಾನೀಯಗಳನ್ನು ಆರೋಗ್ಯಪಾನೀಯಗಳೆಂಬ ತಲೆಬರಹದಡಿಯಲ್ಲಿ ಮಾರಬಾರದೆಂದು ಭಾರತ ಸರಕಾರವು 2024ರಲ್ಲಿ ಅಂತರ್ಜಾಲದ ಅಂಗಡಿಗಳಿಗೆ ಸೂಚನೆ ಕೊಟ್ಟಿತು.

ಬೆಲ್ಲದ ಪಕ್ಷವನ್ನು ಹಿಡಿದು ವಾದಿಸುವವರು ಪ್ರತಿಯೊಂದು ಸಭೆಯಲ್ಲಿಯೂ ಏಳುತ್ತಾರೆ. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶವಿರುವುದು ನಿಜ, ಅದರ ರುಚಿಯೂ ಬೇರೆ; ಆದರೆ ಅದರ ಹೆಚ್ಚಿನ ಭಾಗವು ಸಕ್ಕರೆಯೇ. ಎರಡು ಚಮಚ ಸಕ್ಕರೆಯ ಸ್ಥಳದಲ್ಲಿ ಎರಡು ಅಚ್ಚು ಬೆಲ್ಲವನ್ನು ಹಾಕಿ ಆರೋಗ್ಯವನ್ನು ಸಂಪಾದಿಸಿದೆವೆಂದು ಹಿಗ್ಗುವುದಕ್ಕೆ ಕಾರಣವಿಲ್ಲ. ಜೇನಿಗೂ ಇದೇ ಮಾತು. ಇಡಿಯ ಹಣ್ಣು ಮಾತ್ರ ಬೇರೆ. ಅದರ ಸಿಹಿಯು ನಾರಿನೊಳಗೆ ಅಡಗಿರುವುದರಿಂದ ಪೇರಲೆ, ಪಪ್ಪಾಯಿ, ಕಿತ್ತಳೆಗಳು ಬಿಸ್ಕತ್ತಿನ ಗಳಿಗೆಗೆ ಒಳ್ಳೆಯ ಉತ್ತರ. ಹಿಂಡಿ ರಸ ಮಾಡಿದರೆ ಆ ಗುಣವು ಬಹಳಮಟ್ಟಿಗೆ ಹೋಗುವುದು.

ಕಾಫಿಯ ಸಕ್ಕರೆಯನ್ನು ಒಂದೇ ದಿನ ಬಿಟ್ಟುಬಿಡುವ ಪ್ರತಿಜ್ಞೆಯನ್ನು ನಾನು ಹೊಗಳುವುದಿಲ್ಲ. ವಾರಕ್ಕೆ ಕಾಲು ಚಮಚದಂತೆ ತಗ್ಗಿಸಿದರೆ ಎರಡು ಚಮಚದವಳು ಎರಡು ತಿಂಗಳಲ್ಲಿ ಬರಿಯ ಕಾಫಿಗೆ ಬರುವಳು. ನಾಲಗೆಯು ಹೀಗೆ ಕಲಿಯುವುದೆಂಬುದಕ್ಕೆ ಆಧಾರವುಂಟು. ಅಮೇರಿಕದಲ್ಲಿ ಕೆಲವರ ಆಹಾರದ ಸಕ್ಕರೆಯನ್ನು ಮೂರು ತಿಂಗಳ ಕಾಲ ಕಡಿಮೆ ಮಾಡಿಸಿ ಅದರ ಫಲವನ್ನು 2016ರಲ್ಲಿ ಪ್ರಕಟಿಸಿದರು; ಅದೇ ತಿನಿಸು ಅವರ ಬಾಯಿಗೆ ಮೊದಲಿಗಿಂತ ಹೆಚ್ಚು ಸಿಹಿಯಾಗಿ ತೋರಿತು. ಹಳೆಯ ಅಭ್ಯಾಸಕ್ಕೆ ಹಿಂತಿರುಗಿದ ಮೇಲೆ ಆ ಸೂಕ್ಷ್ಮತೆಯು ಒಂದು ತಿಂಗಳೊಳಗೆ ಹೋಯಿತೆಂಬುದನ್ನೂ ಹೇಳಬೇಕು. ನಮ್ಮ ಕಾಡುಗಳಲ್ಲಿ ಬೆಳೆಯುವ ಮಧುನಾಶಿನಿ ಎಂಬ ಬಳ್ಳಿಯ ಎಲೆಯನ್ನು ಅಗಿದರೆ ಸ್ವಲ್ಪ ಹೊತ್ತಿನವರೆಗೆ ನಾಲಗೆಗೆ ಸಿಹಿಯೇ ತಿಳಿಯುವುದಿಲ್ಲ, ಸಕ್ಕರೆಯು ಮರಳಿನಂತಿರುವುದು. ತರಗತಿಯಲ್ಲಿ ತೋರಿಸಲು ಇದು ವಿನೋದವಾದ ಪ್ರಯೋಗ; ನಿತ್ಯದ ಉಪಾಯವಾಗಿ ಮಾತ್ರ ವೈದ್ಯರ ಅಪ್ಪಣೆಯಿಲ್ಲದೆ ಬಳಸಬಾರದು, ಮಧುಮೇಹದ ಮಾತ್ರೆ ಸೇವಿಸುವವರಂತೂ ಬೇಡವೇ ಬೇಡ.

ಒಂದು ಮನೆಯ ಸಕ್ಕರೆಯ ಡಬ್ಬಿಯಿಂದ ಎಷ್ಟು ದೂರದ ಫಲ ಬರಬಹುದೆಂಬುದಕ್ಕೆ ಬ್ರಿಟನ್ನಿನ ನಿದರ್ಶನವನ್ನು ನೋಡಿರಿ. ಎರಡನೆಯ ಮಹಾಯುದ್ಧದ ನಿಮಿತ್ತ ಅಲ್ಲಿ 1940ರ ಜನವರಿಯಲ್ಲಿ ಸಕ್ಕರೆಗೆ ಪಡಿತರದ ಕಟ್ಟು ಬಂದಿತು; 1953ರ ಸೆಪ್ಟೆಂಬರಿನಲ್ಲಿ ಅದು ತೆಗೆಯಲ್ಪಟ್ಟಿತು. ಕಟ್ಟು ತೆಗೆದ ಕೂಡಲೇ ಜನರ ಸಕ್ಕರೆಯ ಬಳಕೆಯು ದಿನಕ್ಕೆ ಸುಮಾರು 40 ಗ್ರಾಮಿನಿಂದ 80 ಗ್ರಾಮಿಗೆ ಏರಿತು. ತಾಯಿಯ ಗರ್ಭದಲ್ಲಿಯೂ ಹುಟ್ಟಿದ ಮೊದಲ ವರ್ಷಗಳಲ್ಲಿಯೂ ಪಡಿತರದ ಕಾಲವನ್ನು ಕಂಡ ಮಕ್ಕಳನ್ನು, ಅದು ಮುಗಿದ ಮೇಲೆ ಗರ್ಭಸ್ಥರಾದವರೊಡನೆ ಸಂಶೋಧಕರು ಹೋಲಿಸಿ ನೋಡಿದರು. ಮೊದಲಿನವರಿಗೆ ವಯಸ್ಸಾದಾಗ ಮಧುಮೇಹ ಬರುವ ಸಂಭವವು ನೂರಕ್ಕೆ ಸುಮಾರು 35ರಷ್ಟೂ, ರಕ್ತದ ಒತ್ತಡದ ರೋಗದ ಸಂಭವವು ಸುಮಾರು 20ರಷ್ಟೂ ಕಡಿಮೆಯಾಗಿದ್ದಿತೆಂದು 2024ರಲ್ಲಿ ಪ್ರಕಟವಾಯಿತು. ಆ ತಾಯಂದಿರು ಉಪವಾಸ ಮಾಡಿದವರಲ್ಲ. ಹೊಟ್ಟೆತುಂಬ ಉಂಡು, ಸಕ್ಕರೆಯನ್ನು ಮಾತ್ರ ಅಳೆದು ಬಳಸಿದವರು. ಆದಕಾರಣ ಎರಡು ವರ್ಷ ತುಂಬುವ ತನಕ ಮಗುವಿನ ಹಾಲಿಗಾಗಲಿ ಗಂಜಿಗಾಗಲಿ ಸಕ್ಕರೆ ಬೆರಸದಿರುವುದು ಲೇಸು. ಅದರ ನಾಲಗೆಗೆ ಹಾಲಿನ ಸಿಹಿಯೇ ಸಾಕು. ಸಾಲದೆಂದು ಎಣಿಸುವವರು ನಾವು.

ಹಾಸ್ಟೆಲಿನ ಮಕ್ಕಳಿಗೆ ಮನೆಯಿಂದ ಬರುವ ಪೊಟ್ಟಣಗಳ ವಿಷಯವಾಗಿ ತಾಯಿತಂದೆಗಳು ಕೇಳುವುದುಂಟು. ಹುರಿದ ಕಡಲೆ, ನೆಲಗಡಲೆ, ಖಾರದ ಅವಲಕ್ಕಿ, ಹುರಿಗಾಳು, ನೆಲ್ಲಿಕಾಯಿಯ ಒಣ ಅಡಕೆ, ಆಯಾ ಕಾಲದ ಹಣ್ಣು ಇವುಗಳನ್ನು ಕಳುಹಿಸಿರಿ. ಮಗಳ ಹುಟ್ಟುಹಬ್ಬಕ್ಕೋ ಕ್ರಿಸ್ಮಸಿಗೋ ಒಂದು ಡಬ್ಬಿ ಉಂಡೆ ಬಂದರೆ ಯಾರೂ ಬೇಡವೆನ್ನುವುದಿಲ್ಲ. ಅದನ್ನು ದಿಂಬಿನ ಕೆಳಗಿಟ್ಟು ದಿನವೆಲ್ಲಾ ಮುರಿದು ತಿನ್ನದೆ, ಮಧ್ಯಾಹ್ನದ ಊಟದ ಕೊನೆಯಲ್ಲಿ ಗೆಳತಿಯರೊಡನೆ ಹಂಚಿಕೊಂಡು ತಿಂದು ಬಾಯಿ ಮುಕ್ಕಳಿಸಲಿ. ಹಲ್ಲಿಗೆ ಅಂಟುವ ಸಿಹಿಯನ್ನು ಊಟದ ನಡುನಡುವಣ ಹೊತ್ತಿನಲ್ಲಿ ಮೆಲ್ಲುತ್ತಿರುವುದೇ ಹುಳುಕಿಗೆ ದೊಡ್ಡ ಕಾರಣ.